ಹಿಟ್ಟಿನ ಕೋಳಿ ಕೂಗಿದಾಗ

ಮನೆಯೊಳಗೆ ಹುಟ್ಟಿದ ಭಯವು ಧರ್ಮದ ವೇಷ ತೊಟ್ಟಾಗ ಒದಗುವ ಅನರ್ಥವನ್ನು ಕನ್ನಡದಲ್ಲಿ ಜನ್ನನಷ್ಟು ನಿಷ್ಠುರವಾಗಿ ಹೇಳಿದವರು ವಿರಳ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಆಸ್ಥಾನದ ಈ ಕವಿಚಕ್ರವರ್ತಿ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ ನಾಲ್ಕೇ ಅವತಾರಗಳ ಕಿರುಕಾವ್ಯ. ಜೀವದಯಾಷ್ಟಮಿಯ ನೋಂಪಿಯ ಕಥೆಯೆಂದು ಅದನ್ನು ಕೇಳುತ್ತ ಬಂದಿರುವ ನಾವು, ಅದು ಒಂದು ಕುಟುಂಬದ ಮನಸ್ಸನ್ನು ಬಗೆದು ತೋರುವ ಭಯಾನಕ ಕಥೆಯೂ ಹೌದೆಂಬುದನ್ನು ಮರೆಯುತ್ತೇವೆ.

ಉಜ್ಜಯಿನಿಯ ಅರಸು ಯಶೋಧರನು ಒಂದು ರಾತ್ರಿ ತನ್ನ ರಾಣಿ ಅಮೃತಮತಿಯು ಕುರೂಪಿಯಾದ ಮಾವುತನ ಬಳಿಗೆ ಹೋಗುವುದನ್ನು ಕಾಣುತ್ತಾನೆ. ಎತ್ತಿದ ಖಡ್ಗವನ್ನು ತಡೆದುಕೊಳ್ಳುತ್ತಾನೆ. ಮರುದಿನ ಮಗನ ಬಾಡಿದ ಮುಖ ಕಂಡು ತಾಯಿ ಚಂದ್ರಮತಿ ಕಾರಣ ಕೇಳುತ್ತಾಳೆ. ನಡೆದುದನ್ನು ಹೇಳಲಾರದೆ ಆತನು ಕೆಟ್ಟ ಕನಸು ಕಂಡೆನೆಂದು ಮರೆಮಾಚುತ್ತಾನೆ. ಅನರ್ಥವೆಲ್ಲ ಮೊಳೆಯುವುದು ಈ ಒಂದು ಮಾತಿನಿಂದ. ದುಃಸ್ವಪ್ನಕ್ಕೆ ಶಾಂತಿಯಾಗಬೇಕು, ಶಾಂತಿಗೆ ದೇವಿಗೆ ಬಲಿ ಸಲ್ಲಬೇಕು ಎಂದು ತಾಯಿ ಹಟ ಹಿಡಿಯುತ್ತಾಳೆ.

ಚಂದ್ರಮತಿ ಕ್ರೂರಿಯಲ್ಲ. ಮಗನ ಆಯುಸ್ಸಿಗೆ ಹೆದರಿದ ಹೆತ್ತವಳು. ಕಾವ್ಯದ ನಿಜವಾದ ಭೀಕರತೆ ಇರುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ರಾಕ್ಷಸರಿಂದ ಬರುವ ಕೇಡನ್ನು ಗುರುತಿಸುವುದು ಸುಲಭ, ವಾತ್ಸಲ್ಯದಿಂದ ಬರುವುದನ್ನು ಗುರುತಿಸುವುದು ಕಷ್ಟ. ಕೊಲೆಗೆ ಒಪ್ಪದ ಮಗನೂ ತಾಯಿಯ ಕಣ್ಣೀರಿಗೆ ಸೋತು ನಡುದಾರಿಯೊಂದಕ್ಕೆ ಸಮ್ಮತಿಸುತ್ತಾನೆ: ಹಿಟ್ಟಿನಿಂದ ಮಾಡಿದ ಕೋಳಿ. ಕತ್ತಿ ತಗುಲಿದಾಗ, ಒಳಹೊಕ್ಕಿದ್ದ ಬೆಂತರದಿಂದಾಗಿ ಹಿಟ್ಟಿನ ಕೋಳಿ ಕೂಗಿಕೊಳ್ಳುತ್ತದೆ. ಆ ಕೂಗಿನೊಡನೆ ಯಶೋಧರನ ಆತ್ಮವಂಚನೆಯೂ ಒಡೆಯುತ್ತದೆ.

ಜೀವವಿಲ್ಲದ ಹಿಟ್ಟನ್ನು ಕತ್ತರಿಸಿದರೆ ಹಿಂಸೆಯೆಲ್ಲಿಂದ ಬಂತು? ಜಿನಧರ್ಮವು ದ್ರವ್ಯಹಿಂಸೆ, ಭಾವಹಿಂಸೆ ಎಂದು ಎರಡನ್ನು ವಿಂಗಡಿಸುತ್ತದೆ. ಕೈಯಲ್ಲಿದ್ದುದು ಹಿಟ್ಟು, ಮನಸ್ಸಿನಲ್ಲಿದ್ದುದು ಕೋಳಿ. ಕೊಲ್ಲುವೆನೆಂಬ ಸಂಕಲ್ಪವು ಪೂರ್ಣಗೊಂಡ ಕ್ಷಣದಲ್ಲೇ ಕರ್ಮಬಂಧವಾಯಿತು. ಆಯುಧಪೂಜೆಯಂದು ಸುಂಕದಕಟ್ಟೆಯ ಸಣ್ಣ ಕಾರ್ಖಾನೆಗಳ ಮುಂದೆ ಕುಂಕುಮ ತುಂಬಿದ ಬೂದುಗುಂಬಳಕಾಯಿ ಒಡೆಯುವುದನ್ನು ಕಂಡಾಗ ಈ ಕಥೆ ನೆನಪಾಗುವುದುಂಟು. ಒಡೆಯುವವರೆಲ್ಲರ ಮನದಲ್ಲೂ ಬಲಿಯ ಭಾವವಿದೆಯೆಂದು ಹೇಳುವುದು ಅನ್ಯಾಯ. ಬಹುಮಂದಿಗೆ ಅದು ವಾಡಿಕೆಯಷ್ಟೇ. ಆದರೂ ಆ ಕುಂಕುಮ ಯಾವುದರ ಬದಲಿಗೆಂದು ಒಮ್ಮೆ ಕೇಳಿಕೊಳ್ಳಬಹುದು.

ಮುಂದಿನ ಕಥೆ ಇನ್ನೂ ಘೋರ. ರಾಣಿಯಿಕ್ಕಿದ ವಿಷದಿಂದ ಸತ್ತ ತಾಯಿ ಮಕ್ಕಳು ನಾಯಿ ನವಿಲುಗಳಾಗಿ ಅದೇ ಅರಮನೆಗೆ ಬರುತ್ತಾರೆ. ತಾಯಿಯಾಗಿದ್ದ ನಾಯಿಯೇ ಮಗನಾಗಿದ್ದ ನವಿಲನ್ನು ಕಚ್ಚಿ ಕೊಲ್ಲುತ್ತದೆ. ಮತ್ತೊಂದು ಭವದಲ್ಲಿ ಮೀನಾದ ಯಶೋಧರನು ತನ್ನದೇ ಶ್ರಾದ್ಧದ ಅಡುಗೆಯಾಗುತ್ತಾನೆ. ಮಗನನ್ನು ಉಳಿಸಲೆಂದು ಬಲಿ ಬೇಡಿದ ತಾಯಿ ಆತನ ಪಾಲಿನ ಮೃತ್ಯುವಾದಳು.

ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಲೋಕಮೂಢತೆ, ದೇವಮೂಢತೆ, ಪಾಷಂಡಿಮೂಢತೆಗಳೆಂಬ ಮೂರನ್ನು ಸಮ್ಯಗ್ದರ್ಶನಕ್ಕೆ ಹೊರತಾದವೆಂದು ಹೇಳುತ್ತದೆ. ವರವನ್ನು ಬಯಸಿ, ರಾಗದ್ವೇಷಗಳಿಂದ ಮಲಿನವಾದ ದೇವತೆಗಳನ್ನು ಉಪಾಸಿಸುವುದೇ ದೇವಮೂಢತೆ. ಮೋಹನೀಯ ಕರ್ಮವನ್ನು ನಮ್ಮ ಆಚಾರ್ಯರು ಮದ್ಯಕ್ಕೆ ಹೋಲಿಸಿದ್ದಾರೆ. ಕುಡಿದವನಿಗೆ ತಾನು ತೂರಾಡುತ್ತಿರುವುದು ತಿಳಿಯದು. ಮನೆಮಂದಿಯೆಲ್ಲ ಒಂದೇ ಪಾತ್ರೆಯಿಂದ ಕುಡಿದಿದ್ದರೆ ತಿಳಿಸುವವರಾದರೂ ಯಾರು?

2018ರ ಜುಲೈ 1ರಂದು ದೆಹಲಿಯ ಬುರಾಡಿಯಲ್ಲಿ ಒಂದೇ ಕುಟುಂಬದ 11 ಮಂದಿ ಶವವಾಗಿ ದೊರೆತರು. ಮೃತನಾದ ಹಿರಿಯನು ಮಗನೊಬ್ಬನ ಮೂಲಕ ಆಜ್ಞೆ ನೀಡುತ್ತಿದ್ದಾನೆಂಬ ನಂಬಿಕೆಯನ್ನು ಮನೆಯಲ್ಲಿ ಸಿಕ್ಕ ದಿನಚರಿಗಳು ತೋರಿದವು. ಅಕ್ಷರಸ್ಥರ ಮನೆ. ನೆರೆಹೊರೆಯವರಿಗೆ ಸುಳಿವೂ ಇರಲಿಲ್ಲ. ಇಲ್ಲದ ದನಿಯೊಂದು ಯಾರಿಗಾದರೂ ಆಜ್ಞೆಯಿಡುತ್ತಿದ್ದರೆ ಅದನ್ನು ದೈವಾವೇಶವೆಂದು ಪೂಜಿಸುವುದೂ ಪಾಪವೆಂದು ಬೈಯುವುದೂ ಸಲ್ಲ. ಅದು ಚಿಕಿತ್ಸೆಗೆ ಒಳಪಡುವ ವ್ಯಾಧಿಯಿರಬಹುದು. ನಮ್ಮ ನಗರದಲ್ಲೇ ನಿಮ್ಹಾನ್ಸ್ ಇದೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ವೈದ್ಯರಲ್ಲಿಗೆ ಕರೆದೊಯ್ಯುವುದೂ ಜೀವದಯೆಯೇ.

ಜನ್ನನ ಕಥೆಯನ್ನು ಹೇಳುವವನು ಅಭಯರುಚಿ. ಆ ಯಶೋಧರನೇ ಅನೇಕ ಭವಗಳನ್ನು ದಾಟಿ ಈಗ ಬಾಲಕನಾಗಿದ್ದಾನೆ. ಚಂದ್ರಮತಿ ಅವನ ತಂಗಿ ಅಭಯಮತಿ. ಮಾರಿಯ ಗುಡಿಯಲ್ಲಿ ನರಬಲಿಗೆಂದು ಹಿಡಿತಂದ ಈ ಇಬ್ಬರೂ ನಡುಗದೆ ನಿಂತುದನ್ನು ಕಂಡು ಮಾರಿದತ್ತ ರಾಜನು ಬೆರಗಾಗಿ ಅವರ ವೃತ್ತಾಂತವನ್ನು ಕೇಳುತ್ತಾನೆ. ಅಂದು ತಾಯಿಯ ಮುಂದೆ ಹೇಳಲಾರದೆ ನುಂಗಿಕೊಂಡುದನ್ನು ಅವನು ಈಗ ಬಲಿಪೀಠದ ಎದುರಿನಲ್ಲಿ ಒಂದನ್ನೂ ಮುಚ್ಚಿಡದೆ ಹೇಳುತ್ತಾನೆ. ಮಾರಿದತ್ತನು ಬಲಿಯನ್ನು ಬಿಟ್ಟು ದೀಕ್ಷೆ ವಹಿಸುತ್ತಾನೆ.