ಗ್ರಾಮ ನಕ್ಷೆ (ಕರ್ನಾಟಕ)

ಗ್ರಾಮ ನಕ್ಷೆ ಅಥವಾ ಗ್ರಾಮ ನಕಾಶೆಯು ಒಂದು ಕಂದಾಯ ಗ್ರಾಮದ ಎಲ್ಲೆ, ಸರ್ವೆ ನಂಬರುಗಳು, ಕೆರೆ, ಹಳ್ಳ, ದಾರಿ, ತೋಪು ಮತ್ತು ಊರಿನ ನಿವೇಶನವನ್ನು ತೋರಿಸುವ ಅಧಿಕೃತ ಭೂಪಟವಾಗಿದೆ. ಕರ್ನಾಟಕದಲ್ಲಿ ಇದನ್ನು ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯು ಸಿದ್ಧಪಡಿಸಿ ಸಂರಕ್ಷಿಸುತ್ತದೆ. ಜಮೀನಿನ ವ್ಯವಹಾರಗಳಿಗಲ್ಲದೆ, ತಮ್ಮ ವಂಶದ ಮೂಲವನ್ನು ಅರಸುವವರಿಗೂ ಇದು ಮುಖ್ಯ ಆಕರವಾಗಿದೆ.

ಹಿನ್ನೆಲೆ

ಮೈಸೂರು ಸಂಸ್ಥಾನದಲ್ಲಿ ಮುಂಬಯಿ ಪದ್ಧತಿಯನ್ನು ಅನುಸರಿಸಿದ ಕಂದಾಯ ಭೂಮಾಪನವು 1863ರಲ್ಲಿ ಆರಂಭವಾಯಿತು. 33 ಅಡಿ ಉದ್ದದ, 16 ಆಣೆಗಳಾಗಿ ವಿಭಾಗಿಸಿದ ಸರಪಳಿಯಿಂದ ಹೊಲಗಳನ್ನು ಅಳೆಯುತ್ತಿದ್ದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ (1,089 ಚದರ ಅಡಿ). 40 ಗುಂಟೆಗಳು ಸೇರಿದರೆ ಒಂದು ಎಕರೆ. ಗ್ರಾಮ ನಕ್ಷೆಯ ರೂಢಿಯ ಪ್ರಮಾಣ 1:7,920. ಎಂದರೆ, ನಕ್ಷೆಯ 8 ಅಂಗುಲವು ನೆಲದ ಒಂದು ಮೈಲಿಗೆ ಸಮ.

ಗ್ರಾಮವನ್ನು ಗುರುತಿಸುವುದು

ಒಂದೇ ಹೆಸರಿನ ಊರುಗಳು ಹಲವಿರುವುದರಿಂದ ಜಿಲ್ಲೆ, ತಾಲ್ಲೂಕು, ಹೋಬಳಿಗಳನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಉದಾಹರಣೆಗೆ, ನಲ್ಲೂರು ಎಂಬ ಗ್ರಾಮವು ದೇವನಹಳ್ಳಿ, ಚನ್ನಗಿರಿ ಮತ್ತು ಕಾರ್ಕಳ ತಾಲ್ಲೂಕುಗಳಲ್ಲಿದೆ. ದೇವನಹಳ್ಳಿಯ ನಲ್ಲೂರು ಚನ್ನರಾಯಪಟ್ಟಣ ಹೋಬಳಿಗೆ ಸೇರಿದ್ದು, ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೂ ಇದಕ್ಕೂ ಸಂಬಂಧವಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯು 1986ರಲ್ಲಿ ರಚನೆಯಾದುದರಿಂದ, ಅದಕ್ಕೂ ಹಿಂದಿನ ದಾಖಲೆಗಳನ್ನು ಬೆಂಗಳೂರು ಜಿಲ್ಲೆಯ ಹೆಸರಿನಲ್ಲಿ ಹುಡುಕಬೇಕು.

ಪ್ರತಿ ಪಡೆಯುವ ವಿಧಾನ

* ಇಲಾಖೆಯ ಅಂತರ್ಜಾಲ ತಾಣದ ಕಂದಾಯ ನಕ್ಷೆಗಳ ವಿಭಾಗದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿಗಳನ್ನು ಆಯ್ದು ಗ್ರಾಮ ನಕ್ಷೆಯನ್ನು ಪಿಡಿಎಫ್ ರೂಪದಲ್ಲಿ ಪಡೆಯಬಹುದು.
* ಅಲ್ಲಿನ ಪ್ರತಿ ಮಸುಕಾಗಿದ್ದರೆ, ತಾಲ್ಲೂಕು ಕಚೇರಿಯ ಭೂಮಾಪನ ಶಾಖೆಗೆ ಅರ್ಜಿ ಸಲ್ಲಿಸಿ ದೃಢೀಕೃತ ನಕಲನ್ನು ಕೋರಬಹುದು.
* ಸುತ್ತಲಿನ ಸೀಮೆಯನ್ನು ತಿಳಿಯಲು ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕ್ಷೆಗಳು ನೆರವಾಗುತ್ತವೆ. ದೇವನಹಳ್ಳಿ ಪ್ರದೇಶವು 57ಜಿ ಹಾಳೆಗಳ ಸರಣಿಯಲ್ಲಿ ಬರುತ್ತದೆ.
* ಸಂಸ್ಥಾನದ ಕಾಲದ ಆಡಳಿತ ಕಡತಗಳಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರವನ್ನು ಸಂಪರ್ಕಿಸಬಹುದು.

ಓದಬಲ್ಲ ಪ್ರತಿ

ಗ್ರಾಮ ನಕ್ಷೆಯು ದೊಡ್ಡ ಹಾಳೆಯಾದುದರಿಂದ, ಅದನ್ನು ಸಣ್ಣ ಕಾಗದಕ್ಕೆ ಕುಗ್ಗಿಸಿ ಜೆರಾಕ್ಸ್ ಮಾಡಿದರೆ ಸರ್ವೆ ನಂಬರುಗಳು ಅಳಿಸಿಹೋಗುತ್ತವೆ, ಪ್ರಮಾಣವೂ ಕೆಡುತ್ತದೆ. ಮೂಲ ಅಳತೆಯಲ್ಲಿಯೇ ಮುದ್ರಿಸುವುದು, ಇಲ್ಲವೇ ಬೇಕಾದ ಭಾಗವನ್ನು ಮಾತ್ರ ಹಿಗ್ಗಿಸಿಕೊಳ್ಳುವುದು ಉತ್ತಮ. ಹಿಗ್ಗಿಸಿದ ಪ್ರತಿಯಲ್ಲಿ ಅಳತೆಪಟ್ಟಿಯೂ ಸೇರಿರಬೇಕು. ಹಳೆಯ ನಕ್ಷೆಗಳಲ್ಲಿ ಕನ್ನಡ ಅಂಕಿಗಳಿರುವುದರಿಂದ ೬ ಮತ್ತು ೯ರ ನಡುವೆ ಗೊಂದಲವಾಗದಂತೆ, ಅಕ್ಕಪಕ್ಕದ ನಂಬರುಗಳೊಡನೆ ಹೋಲಿಸಿ ಓದಬೇಕು.

ವಂಶ ಸಂಶೋಧನೆಯಲ್ಲಿ ಬಳಕೆ

ಗ್ರಾಮ ನಕ್ಷೆಯಲ್ಲಿ ಹಿಡುವಳಿದಾರರ ಹೆಸರುಗಳಿರುವುದಿಲ್ಲ. ಆದ್ದರಿಂದ ಮನೆಯಲ್ಲಿರುವ ಹಳೆಯ ಕ್ರಯಪತ್ರ, ವಿಭಾಗಪತ್ರ ಅಥವಾ ಕಂದಾಯದ ರಸೀದಿಯಿಂದ ಸರ್ವೆ ನಂಬರನ್ನು ತಿಳಿದುಕೊಂಡು, ನಕ್ಷೆಯಲ್ಲಿ ಆ ಹೊಲವನ್ನು ಗುರುತಿಸಬೇಕು. ಬಳಿಕ ಅದೇ ನಂಬರಿನ ಹಳೆಯ ಪಹಣಿ, ಹಕ್ಕು ಬದಲಾವಣೆ ವಹಿಗಳಲ್ಲಿ ತಂದೆ-ಮಕ್ಕಳ ಹೆಸರುಗಳು ದೊರೆಯುತ್ತವೆ. ಹೊಲವು ಹಿಸ್ಸೆಗಳಾಗಿ ಒಡೆದಿದ್ದರೆ, ಅದು ಅಣ್ಣತಮ್ಮಂದಿರ ಪಾಲುಪಟ್ಟಿಯ ಸುಳಿವಾಗಿರಬಹುದು. ಹಿಡುವಳಿಯ ಅಳತೆಯ ವಿವರ ಟಿಪ್ಪಣಿಯಲ್ಲಿಯೂ, ವಿಸ್ತೀರ್ಣ ಮತ್ತು ಕಂದಾಯದ ವಿವರ ಆಕಾರಬಂದಿನಲ್ಲಿಯೂ ಇರುತ್ತದೆ.

ಪೂರ್ವಿಕರ ಊರು ಇಂದಿನ ಪಟ್ಟಿಯಲ್ಲಿ ಸಿಗದಿದ್ದರೆ ಅದು ಬೇಚರಾಕ್ ಗ್ರಾಮವಾಗಿರುವ ಸಾಧ್ಯತೆಯಿದೆ. ದೀಪವಿಲ್ಲದ ಊರು ಎಂಬ ಅರ್ಥದ ಈ ಪಾರಸಿ ಮೂಲದ ಪದವನ್ನು ಜನವಸತಿ ಇಲ್ಲದ ಕಂದಾಯ ಗ್ರಾಮಕ್ಕೆ ಬಳಸುತ್ತಾರೆ. ಜನ ಬಿಟ್ಟುಹೋದರೂ ಅದರ ಹೆಸರು ಮತ್ತು ಎಲ್ಲೆಗಳು ದಾಖಲೆಯಲ್ಲಿ ಉಳಿದಿರುತ್ತವೆ.

ಪ್ರಾಮುಖ್ಯ

ನಗರ ಬೆಳೆದಂತೆ ಬಂಡಿದಾರಿ, ಗುಂಡುತೋಪು, ಕಾಲುವೆಗಳು ನೆಲದಿಂದ ಮರೆಯಾಗುತ್ತಿವೆ. ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಗಿ ರಕ್ಷಣೆ ಪಡೆದಿದೆ. ಅದೇ ಗ್ರಾಮವೂ ಸೇರಿದಂತೆ ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ 1,777 ಎಕರೆ ಭೂಸ್ವಾಧೀನ ಪ್ರಸ್ತಾವವನ್ನು, ರೈತರ ದೀರ್ಘ ಹೋರಾಟದ ನಂತರ 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ಇಂತಹ ರಕ್ಷಣೆ ದೊರೆಯದ ಸ್ಥಳಗಳಲ್ಲಿ ಒಂದು ಕುಟುಂಬವು ಉತ್ತ ಹೊಲ ಎಲ್ಲಿತ್ತೆಂಬುದಕ್ಕೆ ಹಳೆಯ ನಕ್ಷೆಯೇ ಸಾಕ್ಷಿಯಾಗಿ ಉಳಿಯುತ್ತದೆ.