ಅಡುಗೂಲಜ್ಜಿಯ ಕಥೆಯೂ ತರಗತಿಯ ನ್ಯಾಯಸ್ಥಾನವೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಮನೆಗಳಲ್ಲಿ ಅಜ್ಜಿಯರ ಮಗ್ಗುಲಲ್ಲಿ ಕುಳಿತು ಕಥೆ ಕೇಳಿ ಬೆಳೆದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಅಡುಗೂಲಜ್ಜಿಯ ಕಥೆಗಳ ಸವಿಯನ್ನು ನಾವು ವಿವರಿಸಬೇಕಾದುದಿಲ್ಲ. ಅಂತಹ ಕಥೆಯೊಂದನ್ನು ತರಗತಿಯಲ್ಲಿ ಅಣಕು ವಿಚಾರಣೆಗೆ ಒಳಪಡಿಸುವ ಕ್ರಮವನ್ನೂ ಅದರ ಫಲವನ್ನೂ ಮಾತ್ರ ಇಲ್ಲಿ ನಿವೇದಿಸುವೆವು.

ಎ. ಕೆ. ರಾಮಾನುಜನ್ ಅವರು ಕನ್ನಡನಾಡಿನಲ್ಲಿ ಸಂಗ್ರಹಿಸಿದ, ಹೂಮರವಾಗುವ ಹುಡುಗಿಯ ಕಥೆಯನ್ನು ತೆಗೆದುಕೊಳ್ಳೋಣ. ಇದು 1997ರಲ್ಲಿ ಅವರ ಇಂಗ್ಲಿಷ್ ಕಥಾಸಂಕಲನಕ್ಕೆ ಹೆಸರನ್ನೂ ಕೊಟ್ಟಿತು; 2006ರಲ್ಲಿ ವಿಯೆನ್ನಾ ನಗರದಲ್ಲಿ ಸಂಗೀತನಾಟಕವಾಗಿಯೂ ರಂಗವೇರಿತು. ಬಡತಾಯಿಯ ಕಿರಿಯ ಮಗಳು ನೀರು ಹೊಯ್ಯಿಸಿಕೊಂಡು ಮರವಾಗಿ, ಹೂ ಕೊಟ್ಟು, ಮತ್ತೆ ಹೆಣ್ಣಾಗುವಳು. ರಾಜಕುಮಾರನು ಅವಳನ್ನು ವರಿಸುವನು. ಅವನ ತಂಗಿಯು ಗೆಳತಿಯರೊಡನೆ ಅವಳನ್ನು ತೋಟಕ್ಕೆ ಕರೆದೊಯ್ದು ಮರವಾಗಿಸಿ, ಕೊಂಬೆ ಮುರಿದು, ಮಳೆ ಬರಲು ಅರೆಮೈಯಲ್ಲೇ ಬಿಟ್ಟು ಓಡುವಳು. ಕಡೆಯಲ್ಲಿ ಗಂಡನ ಆರೈಕೆಯಿಂದ ಹುಡುಗಿ ಪೂರ್ಣಳಾಗುವಳು. ಅರಸನು ತನ್ನ ಮಗಳನ್ನು ಸುಡುಸುಣ್ಣದ ಗುಂಡಿಗೆ ನೂಕಿಸುವನು. ಆ ಮಗಳ ಮಾತನ್ನು ಯಾರೂ ಕೇಳುವುದಿಲ್ಲ.

ಈ ಕೇಳದ ಮಾತಿಗೆ ಎಡೆಗೊಡುವುದೇ ಅಣಕು ವಿಚಾರಣೆಯ ಉದ್ದೇಶ. ಒಬ್ಬ ಬಾಲಿಕೆ ನ್ಯಾಯಾಧೀಶೆ. ಇಬ್ಬಿಬ್ಬರು ಎರಡು ಪಕ್ಷದ ವಕೀಲರು. ಉಳಿದವರು ಆಪಾದಿತೆ, ಸಾಕ್ಷಿಗಳು. ಸಾಕ್ಷಿಯು ತಾನು ಕಂಡುದನ್ನಷ್ಟೇ ನುಡಿಯತಕ್ಕದ್ದು. ಕಥೆಯಲ್ಲಿಲ್ಲದುದನ್ನು ಯಾರೂ ಸೇರಿಸತಕ್ಕದ್ದಲ್ಲ. ಪಾಟೀಸವಾಲಿಗೂ ಅವಕಾಶವುಂಟು. ನ್ಯಾಯಾಧೀಶೆಯು ಕಾರಣ ಬರೆದೇ ತೀರ್ಪು ಕೊಡಬೇಕು.

ಹೀಗೆ ಕಟಕಟೆಗೆ ಬಂದೊಡನೆ ಕಥೆಯ ಮುಖವೇ ಬೇರೆಯಾಗುವುದು. "ಹೂವಿನಾಸೆಯ ಆಟವದು, ಕೊಲ್ಲುವ ಮನಸ್ಸಲ್ಲ" ಎಂದು ಆಪಾದಿತೆಯ ವಕೀಲರು ವಾದಿಸಬಹುದು. "ಆಟವಾದರೆ ಗಾಯಗೊಂಡವಳನ್ನು ಬಿಟ್ಟು ಬಂದು ಬಾಯಿ ಮುಚ್ಚಿದ್ದೇಕೆ?" ಎಂಬುದು ಎದುರುವಾದ. ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಏಳುವುದು: ಒಲ್ಲೆನೆಂದವಳನ್ನು ಮೊದಲು ಒತ್ತಾಯಿಸಿ ಮರವಾಗಿಸಿದವನು ರಾಜಕುಮಾರನೇ ಅಲ್ಲವೇ? ಅವನು ಕಟಕಟೆಯ ಹೊರಗೇಕೆ? ಅಪರಾಧ ಸಿದ್ಧವಾದರೂ ಸುಣ್ಣದ ಗುಂಡಿಯು ತಕ್ಕ ಶಿಕ್ಷೆಯೇ? ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯು ಹದಿನೆಂಟು ತುಂಬದವರಿಗೆ ಮರಣದಂಡನೆಯನ್ನು ನಿಷೇಧಿಸಿರುವುದನ್ನು ಬಾಲಿಕೆಯರು ಇಲ್ಲಿಯೇ ಅರಿಯುವರು.

ಇದರಿಂದ ಕಥೆಯ ಸೊಗಸು ಕೆಡುವುದೆಂದು ಕೆಲವರು ಶಂಕಿಸಬಹುದು. ವಾದಕ್ಕೆ ಆಧಾರ ಹುಡುಕುವವಳು ಪ್ರತಿಯೊಂದು ಮಾತನ್ನೂ ಎರಡೆರಡು ಸಲ ಓದುವಳಾದುದರಿಂದ ಕಥೆಯು ಅವಳಿಗೆ ಮತ್ತಷ್ಟು ಹತ್ತಿರವಾಗುವುದೆಂದೇ ನಮ್ಮ ಅಭಿಪ್ರಾಯ.

ಪೋಷಕರಲ್ಲಿ ಒಂದು ಬಿನ್ನಹ. ಅದೇ ಕಥೆಯಲ್ಲಿ ಅರಸನಿಂದ ಕರೆ ಬಂದಾಗ ತಾಯಿಯು ಮಕ್ಕಳ ಉತ್ತರಕ್ಕೆ ಕಾಯದೆ ಪೊರಕೆಯಿಂದ ಹೊಡೆಯುವಳು. ಅವರು ಹೂ ಮಾರಿದ್ದು ಅವಳ ಕಷ್ಟ ನೀಗಿಸಲೆಂದೇ! ಮನೆಯಲ್ಲಿ ಪಾತ್ರೆ ಒಡೆದಾಗ, ಕಾಸು ಕಾಣದಾದಾಗ, ಮಗಳ ಮಾತನ್ನು ಮೊದಲು ಕೇಳಿರಿ. ಕೇಳಿಸಿಕೊಂಡು ಬೆಳೆದವಳೇ ನಾಳೆ ಇತರರ ಮಾತನ್ನು ಕೇಳಬಲ್ಲಳು.