ಚುಕ್ಕಿಗಳ ನಡುವಿನ ಸ್ವಾತಂತ್ರ್ಯ

ಬೆಳಗಿನ ಆರು ಗಂಟೆಗೆ ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಪುಡಿಯ ಡಬ್ಬಿ ಹಿಡಿದು ಬಗ್ಗಿ ನಿಂತ ಹೆಂಗಸನ್ನು ಯಾರಾದರೂ ‘ನೀವು ಕಲಾವಿದೆಯೇ?’ ಎಂದು ಕೇಳಿದರೆ ಆಕೆ ನಕ್ಕುಬಿಟ್ಟಾಳು. ಒಲೆಯ ಮೇಲೆ ಹಾಲಿದೆ, ಮಕ್ಕಳ ಶಾಲೆಗೆ ಹೊತ್ತಾಗುತ್ತಿದೆ. ಸಿಕ್ಕ ಹತ್ತು ನಿಮಿಷದಲ್ಲಿ ಬಾಗಿಲ ಮುಂದೆ ನಾಲ್ಕು ಎಳೆ ಎಳೆದು ಒಳಗೆ ಓಡಬೇಕು. ಇಷ್ಟೆಲ್ಲ ಅವಸರವಿದ್ದರೂ ನಿನ್ನೆ ಹಾಕಿದ್ದನ್ನೇ ಇಂದೂ ಹಾಕಲು ಆಕೆಗೆ ಮನಸ್ಸಾಗುವುದಿಲ್ಲ. ಚುಕ್ಕಿಗಳು ನಿನ್ನೆಯವೇ, ಬಳ್ಳಿ ಮಾತ್ರ ಇಂದು ಬೇರೆ ಕಡೆಗೆ ತಿರುಗುತ್ತದೆ.

ಸೃಜನಶೀಲತೆ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಶಾಲೆಗಳ ಜಾಹೀರಾತಿನಲ್ಲಿ, ಕಚೇರಿಗಳ ತರಬೇತಿ ಶಿಬಿರಗಳಲ್ಲಿ, ಮಕ್ಕಳ ಬೇಸಿಗೆ ಶಿಬಿರದ ಕರಪತ್ರಗಳಲ್ಲಿ ಅದು ತಪ್ಪದೆ ಇರುತ್ತದೆ. ಆದರೆ ಆ ಮಾತಿನ ಹಿಂದೆ ಸಾಮಾನ್ಯವಾಗಿ ಎರಡು ನಂಬಿಕೆಗಳು ಅಡಗಿರುತ್ತವೆ. ಮೊದಲನೆಯದು, ಅದು ಕೆಲವರಿಗೆ ಮಾತ್ರ ಹುಟ್ಟಿನಿಂದ ಬಂದ ವರ ಎಂಬುದು. ಎರಡನೆಯದು, ಅದಕ್ಕೆ ಬಿಡುವು ಬೇಕು, ನಿತ್ಯದ ದುಡಿಮೆಯಿಂದ ದೂರ ಹೋಗಬೇಕು ಎಂಬುದು. ನಮ್ಮ ಹಿತ್ತಲು, ಜಗುಲಿ, ಅಡುಗೆಮನೆಗಳಲ್ಲಿ ಹುಟ್ಟಿದ ಕೆಲವು ವಸ್ತುಗಳನ್ನು ಹತ್ತಿರದಿಂದ ನೋಡಿದರೆ ಈ ಎರಡು ನಂಬಿಕೆಗಳೂ ಅಲುಗಾಡುತ್ತವೆ.

ಕನ್ನಡದಲ್ಲಿ ನಮಗೆ ದೊರೆತಿರುವ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ ‘ಕವಿರಾಜಮಾರ್ಗ’ 9ನೆಯ ಶತಮಾನದ್ದು; ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರೂಪುಗೊಂಡದ್ದು. ಅದು ಕವಿಗಳಿಗೆ ದಾರಿ ತೋರುವ ಲಕ್ಷಣಗ್ರಂಥ. ಅಂಥ ಪಂಡಿತ ಕೃತಿಯೇ ಕನ್ನಡ ನಾಡಿನ ಜನರನ್ನು ಬಣ್ಣಿಸುವಾಗ, ಇವರು ವಿಶೇಷವಾಗಿ ಓದು ನಡೆಸದೆಯೂ ಕಾವ್ಯದ ಬಳಕೆಯಲ್ಲಿ ನುರಿತವರು ಎಂಬ ಅರ್ಥದ ಮಾತನ್ನಾಡುತ್ತದೆ. ಈ ಮಾತನ್ನು ನಾವು ಅಭಿಮಾನದಿಂದ ಭಾಷಣಗಳಲ್ಲಿ ಬಳಸುತ್ತೇವೆ. ಆದರೆ ಓದದ ಜನ ಆ ನುರಿತವನ್ನು ಎಲ್ಲಿ, ಹೇಗೆ ಸಂಪಾದಿಸಿದರು ಎಂದು ಕೇಳುವುದು ಕಡಿಮೆ.

ಬೀಸುವ ಕಲ್ಲಿನ ಮುಂದೆ ಎಂಬುದು ಅದಕ್ಕೆ ಒಂದು ಉತ್ತರ. ಹಿಟ್ಟಿನ ಗಿರಣಿ ಬರುವ ಮುಂಚೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಂಗಸರು ನಸುಕಿನಲ್ಲೇ ಎದ್ದು ಜೋಳ ಬೀಸಲು ಕೂಡುತ್ತಿದ್ದರು. ಕಲ್ಲಿನ ಸುತ್ತಿಗೆ ಸರಿಯಾಗಿ ಹಾಡು ಬರುತ್ತಿತ್ತು. ಆ ಹಾಡುಗಳಲ್ಲಿ ಬಹುಪಾಲು ತ್ರಿಪದಿಗಳು. ಮೂರು ಸಾಲು, ಹನ್ನೊಂದು ಗಣ. ಆರನೆಯ ಮತ್ತು ಹತ್ತನೆಯ ಗಣ ಬ್ರಹ್ಮಗಣ, ಉಳಿದವು ವಿಷ್ಣುಗಣ. ಇದು ಛಂದಸ್ಸಿನ ಪುಸ್ತಕ ಹೇಳುವ ಲೆಕ್ಕ. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಈ ಮಟ್ಟು ಕಲ್ಲಿನ ಮೇಲೆ ಕಾಣಸಿಗುತ್ತದೆ. ಸರ್ವಜ್ಞ ತನ್ನ ವಚನಗಳಿಗೆ ಇದನ್ನೇ ಆರಿಸಿಕೊಂಡ. ಬೀಸುತ್ತಿದ್ದ ಹೆಂಗಸಿಗೆ ಗಣದ ಹೆಸರು ತಿಳಿದಿರಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ತಾಯಿ, ಅತ್ತೆ, ನೆರೆಯವಳ ಬಾಯಿಂದ ಸಾವಿರ ಸಲ ಕೇಳಿದ ಮಟ್ಟು ಅವಳ ಕಿವಿಯಲ್ಲಿ ಕೂತಿತ್ತು. ಮೊದಲ ಸಾಲು ಎಲ್ಲರಿಗೂ ಗೊತ್ತಿರುವಂಥದ್ದು. ಕೊನೆಯ ಸಾಲಿಗೆ ಅವಳು ತನ್ನ ತವರನ್ನೋ, ತನ್ನ ಅಣ್ಣನನ್ನೋ, ತೊಟ್ಟಿಲಲ್ಲಿದ್ದ ತನ್ನ ಕೂಸನ್ನೋ ತಂದು ಕೂಡಿಸುತ್ತಿದ್ದಳು. ಆ ಒಂದು ಸಾಲಿನಿಂದ ಊರಿನ ಹಾಡು ಅವಳ ಹಾಡಾಗುತ್ತಿತ್ತು.

ವಿಜಯಪುರ ಜಿಲ್ಲೆಯ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಇಂಥ ಹಾಡುಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹ ತಂದಾಗ ಓದಿದವರು ಬೆರಗಾದರು. ಹಾಡಿದವರ ಹೆಸರು ಯಾವ ಹಾಡಿನ ಕೆಳಗೂ ಇರಲಿಲ್ಲ.

ಇದೇ ಸೀಮೆಯ ಇನ್ನೊಂದು ಕೈಕೆಲಸ ಕಸೂತಿ. ಧಾರವಾಡದ ಕಡೆ ಇಳಕಲ್ ಸೀರೆಯ ಮೇಲೆ ಹಾಕುವ ಈ ಹೆಣಿಗೆಗೆ ಮುಖ್ಯವಾಗಿ ನಾಲ್ಕೇ ಹೊಲಿಗೆಗಳು: ಗಾವಂತಿ, ಮುರ್ಗಿ, ನೇಯ್ಗಿ, ಮೆಂತಿ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವಂತಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತಲೇ ಹೊಲಿಯಬೇಕು. ಗಂಟು ಹಾಕುವಂತಿಲ್ಲ. ಗಾವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದನ್ನು ಬಿಡುತ್ತದೆ. ಮರಳಿ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಸೀರೆಯ ಮೇಲೂ ಕೆಳಗೂ ಚಿತ್ರ ಒಂದೇ ಆಗಿ ಕಾಣಬೇಕು. ಅಂದರೆ ಗೋಪುರವೋ ತೇರೋ ತುಳಸಿಕಟ್ಟೆಯೋ, ಅದರ ಎಲ್ಲ ಕವಲುಗಳನ್ನೂ ಸುತ್ತಿ ಸೂಜಿ ಹೊರಟಲ್ಲಿಗೇ ಮರಳುವ ದಾರಿ ಹೊಲಿಯುವವಳ ತಲೆಯಲ್ಲಿ ಮೊದಲೇ ಸಿದ್ಧವಿರಬೇಕು. ನಾಲ್ಕು ಹೊಲಿಗೆ, ಅಡ್ಡ ಉದ್ದದ ಎಳೆಗಳು, ಇಷ್ಟು ಬಿಗಿಯಾದ ನಿಯಮ. ಈ ಬಿಗಿಯೊಳಗೇ ಆನೆ, ಪಲ್ಲಕ್ಕಿ, ಶಂಖ, ದೀಪಗಳೆಲ್ಲ ಬಂದು ಕೂತವು.

ರಂಗೋಲಿಯದೂ ಇದೇ ದಾರಿ. 15 ಚುಕ್ಕಿ ಇಟ್ಟು, ಮುಂದಿನ ಸಾಲುಗಳನ್ನು ಸಂದಿನಲ್ಲಿ ಇಡುತ್ತ ಹೋಗಿ 8ಕ್ಕೆ ನಿಲ್ಲಿಸು ಎಂದರೆ ಅಂಗಳದಲ್ಲಿ ಒಂದು ಚೌಕಟ್ಟು ಏಳುತ್ತದೆ. ಎಳೆ ಎಲ್ಲೂ ತುಂಡಾಗದಂತೆ, ಯಾವ ಚುಕ್ಕಿಯೂ ಅನಾಥವಾಗದಂತೆ ಸುತ್ತಿ ಬರುವುದು ಹಾಕುವವಳ ಜಾಣ್ಮೆಗೆ ಬಿಟ್ಟದ್ದು. ಇದು ಬರೀ ಅಲಂಕಾರ ಎಂದುಕೊಂಡವರಿಗೆ ಒಂದು ಸಂಗತಿ ಹೇಳಬೇಕು. ತಮಿಳುನಾಡಿನ ಕೋಲಂ ನಮ್ಮ ಚುಕ್ಕಿ ರಂಗೋಲಿಯ ಒಡಹುಟ್ಟು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಕೋಲಗಳನ್ನು ಗಣಿತದ ಕಣ್ಣಿನಿಂದ ನೋಡಿದರು. ಭಾಷೆಗೆ ವ್ಯಾಕರಣವಿರುವಂತೆ ಇವಕ್ಕೂ ಒಂದು ವ್ಯಾಕರಣ ಬರೆಯಬಹುದೆಂದೂ, ಕೆಲವೇ ನಿಯಮಗಳಿಂದ ಲೆಕ್ಕವಿಲ್ಲದಷ್ಟು ಆಕೃತಿಗಳನ್ನು ಹುಟ್ಟಿಸಬಹುದೆಂದೂ ತೋರಿಸಿದರು. ಗಣಕ ವಿಜ್ಞಾನದ ಪತ್ರಿಕೆಗಳಲ್ಲಿ ಚರ್ಚೆಯಾದ ಈ ವಿಷಯ ದಿನವೂ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಡೆಯುತ್ತಿತ್ತು. ಸಂಜೆಯ ಹೊತ್ತಿಗೆ ದಾರಿಹೋಕರ ಕಾಲಿಗೆ ಸಿಕ್ಕಿ ಅಳಿಸಿಯೂ ಹೋಗುತ್ತಿತ್ತು.

ಅಳಿಸಿ ಹೋಗುವುದರಲ್ಲಿ ಒಂದು ಲಾಭವಿದೆ. ನಾಳೆ ಉಳಿಯದ ವಸ್ತುವಿನಲ್ಲಿ ತಪ್ಪು ಮಾಡಲು ಯಾರಿಗೂ ಭಯವಿಲ್ಲ. ಇಂದು ಬಳ್ಳಿ ಕೆಟ್ಟರೆ ನಾಳೆ ಇನ್ನೊಂದು ಅಂಗಳ ಕಾದಿರುತ್ತದೆ. ಎಂಟು ವರ್ಷದ ಹುಡುಗಿಯ ಕೈಗೂ ಅಮ್ಮ ಪುಡಿಯ ಡಬ್ಬಿ ಕೊಡುವುದು ಈ ಧೈರ್ಯದಿಂದಲೇ. ಹೊಸದನ್ನು ಮಾಡಲು ಹಿಂಜರಿಯುವವರಲ್ಲಿ ಬಹುಪಾಲು ಜನರಿಗೆ ಕೊರತೆಯಾಗಿರುವುದು ಪ್ರತಿಭೆಗಿಂತ ಹೆಚ್ಚಾಗಿ, ಕೆಡಿಸಿದರೂ ನಡೆಯುತ್ತದೆ ಎಂಬ ಈ ಸಲಿಗೆ.

ಕೈಯಲ್ಲಿ ಏನೂ ಇಲ್ಲದಾಗ ಏನು ಮಾಡುವುದು? ಇದಕ್ಕೆ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಸಿದ್ದಿ ಹೆಂಗಸರ ಕೌದಿಗಳನ್ನು ನೋಡಬೇಕು. ಆಫ್ರಿಕಾ ಮೂಲದ ಸಿದ್ದಿಗಳು ಶತಮಾನಗಳಿಂದ ಈ ಕಾಡಂಚಿನಲ್ಲಿ ನೆಲೆಸಿದವರು. ಹಳೆಯ ಸೀರೆ, ಲಂಗ, ಅಂಗಿಗಳ ತುಂಡುಗಳನ್ನು ಕೂಡಿಸಿ ಅವರು ಕೌದಿ ಹೊಲಿಯುತ್ತಾರೆ. ಹೊಲಿಗೆ ಒಂದು ಮೂಲೆಯಿಂದ ಆರಂಭವಾಗಿ ಅಂಚಿನಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ಯಾವ ತುಂಡಿನ ಪಕ್ಕ ಯಾವ ಬಣ್ಣ ಎಂಬುದು ಆ ಹೊತ್ತಿಗೆ ಕೈಗೆ ಬಂದದ್ದನ್ನೂ ಕಣ್ಣು ಒಪ್ಪಿದ್ದನ್ನೂ ಅವಲಂಬಿಸಿದೆ. ಕೊನೆಗೆ ನಾಲ್ಕು ಮೂಲೆಗಳಲ್ಲಿ ಬಟ್ಟೆಯ ಮಡಿಕೆಗಳಿಂದ ತ್ರಿಕೋನಾಕಾರದ ‘ಹೂವು’ ಇಟ್ಟು ಹೊಲಿಯುತ್ತಾರೆ. ಚಳಿಗೆ ಹೊದೆಯಲು ಆ ಹೂವಿನಿಂದ ಏನೂ ಉಪಯೋಗವಿಲ್ಲ. ಆದರೂ ಅದಿಲ್ಲದೆ ಕೌದಿ ಪೂರ್ತಿಯಾಯಿತೆಂದು ಅವರು ಒಪ್ಪುವುದಿಲ್ಲ.

ಈ ನಾಲ್ಕೂ ಕೆಲಸಗಳಲ್ಲಿ ಸಮಾನವಾದ ಅಂಶಗಳನ್ನು ಗುರುತಿಸುವುದು ಕಷ್ಟವಲ್ಲ. ಎಲ್ಲದಕ್ಕೂ ಒಂದು ಮೇರೆ ಇದೆ: ಹನ್ನೊಂದು ಗಣ, ನಾಲ್ಕು ಹೊಲಿಗೆ, ಇಷ್ಟೇ ಚುಕ್ಕಿ, ಇದ್ದಷ್ಟೇ ಚಿಂದಿ. ಎಲ್ಲವೂ ಮತ್ತೆ ಮತ್ತೆ ಮಾಡುವಂಥವು. ಹೀಗಾಗಿ ಕೈ ತಾನಾಗಿ ಪಳಗುತ್ತದೆ, ಮನಸ್ಸು ಹೊಸದನ್ನು ಹುಡುಕಲು ಬಿಡುವಾಗುತ್ತದೆ. ಎಲ್ಲದರಲ್ಲೂ ಸ್ವಲ್ಪ ಬದಲಿಸಲು ಅವಕಾಶವಿದೆ. ನೆರೆಹೊರೆಯ ಕಣ್ಣು ಅದನ್ನು ನೋಡುತ್ತದೆ; ‘ಇದನ್ನು ಎಲ್ಲಿ ಕಲಿತೆ?’ ಎಂದು ಎದುರುಮನೆಯವಳು ಕೇಳಿದರೆ ಅದೇ ಬಹುಮಾನ. ಪ್ರತಿಭೆ ಹುಟ್ಟಿನಿಂದ ಬಾರದಿದ್ದರೂ ಓದು ಮತ್ತು ಸತತ ಅಭ್ಯಾಸದಿಂದ ಸರಸ್ವತಿ ಒಂದಿಷ್ಟಾದರೂ ಒಲಿಯುತ್ತಾಳೆ ಎಂದು ಸಂಸ್ಕೃತದ ಲಾಕ್ಷಣಿಕ ದಂಡಿ ಭರವಸೆ ಕೊಟ್ಟಿದ್ದ. ಅವನು ಹೇಳಿದ್ದು ಕವಿಗಳಿಗೆ. ನಮ್ಮ ಮನೆಗಳಲ್ಲಿ ಅದು ಎಲ್ಲರಿಗೂ ಸಂದಿತ್ತು.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಹಾಡು ಚೆಂದವಿತ್ತೆಂದು ಬೀಸುವ ಕಲ್ಲನ್ನು ಹೊಗಳಬಾರದು. ನಸುಕಿನಲ್ಲಿ ಎದ್ದು, ಕೂಸಿಗೆ ಹಾಲೂಡಿಸುತ್ತ, ತೋಳು ಸೋಲುವವರೆಗೆ ಬೀಸಿದವರಿಗೆ ಹಾಡು ಒಂದು ಆಸರೆಯಾಗಿತ್ತು. ದುಡಿಮೆಯ ಭಾರವೇನೂ ಅದರಿಂದ ಹಗುರಾಗಲಿಲ್ಲ. ಊರಿಗೆ ಗಿರಣಿ ಬಂದಾಗ ಅವರು ನಿಟ್ಟುಸಿರು ಬಿಟ್ಟದ್ದು ನ್ಯಾಯವೇ. ಕಲ್ಲು ಮರಳಿ ಬರಬೇಕಾಗಿಲ್ಲ. ಪ್ರಶ್ನೆ ಇಷ್ಟೇ: ಕಲ್ಲು ಹೋದಾಗ ಅದರ ಜೊತೆಗಿದ್ದ ಆ ಒಂದು ಸಾಲಿನ ಸ್ವಾತಂತ್ರ್ಯವೂ ಹೋಯಿತೇ? ಹೊಸ ಕೆಲಸಗಳಲ್ಲಿ ಅದಕ್ಕೆ ಜಾಗ ಮಾಡಿದ್ದೇವೆಯೇ?

ಮಾಡಿದ ಕಡೆ ಫಲ ಕಂಡಿದೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ರೈತ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ ಬೆಳಿಗ್ಗೆ ಬೇಗ ಏಳುವುದು ಕಷ್ಟವಾಗಿತ್ತು. ಅಲಾರಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ಕೀಲಿ ತಿರುಗಿದಾಗ ಬಾಟಲಿಯ ನೀರು ಮುಖದ ಮೇಲೆ ಸುರಿಯುವಂತೆ ಮಾಡಿಕೊಂಡರು. ಮುಂದೆ ಹುಣಸೆ ಬೆಳೆದಾಗ ಬೀಜ ಬಿಡಿಸುವ ಕೆಲಸ ತೊಡಕಾಯಿತು. ಅದಕ್ಕೊಂದು ಯಂತ್ರ ಕಟ್ಟಿದರು. ಬಿತ್ತನೆಗೆ ಕೂರಿಗೆಯನ್ನು ಸುಧಾರಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಯಾವ ಯಂತ್ರವೂ ಹೊಲದಿಂದ ದೂರ ಕುಳಿತು ಯೋಚಿಸಿದ್ದಲ್ಲ. ನಿತ್ಯ ಕಾಡುತ್ತಿದ್ದ ತೊಡಕೇ ಅವರ ಪಾಲಿನ ಚುಕ್ಕಿ. ಕಾರ್ಖಾನೆಗಳಲ್ಲೂ ಇದು ಅಸಾಧ್ಯವಲ್ಲ. ಜಪಾನಿನ ಟೊಯೋಟಾ ಕಂಪನಿ 1951ರಲ್ಲಿ ಕೆಲಸಗಾರರಿಂದಲೇ ಸಲಹೆಗಳನ್ನು ಪಡೆಯುವ ಪದ್ಧತಿ ಆರಂಭಿಸಿತು. ತಾನು ನಿಲ್ಲುವ ಜಾಗದಲ್ಲಿ ಏನು ಬದಲಾದರೆ ಕೆಲಸ ಸುಲಭವಾದೀತು ಎಂಬುದು ಅಲ್ಲಿ ನಿಂತವನಿಗೇ ಚೆನ್ನಾಗಿ ಗೊತ್ತು ಎಂಬ ಸರಳ ಅರಿವು ಅದರ ಹಿಂದಿತ್ತು.

ನಮ್ಮಲ್ಲಿ ಇದಕ್ಕೆ ವಿರುದ್ಧವಾದ ಗಾಳಿಯೂ ಬೀಸುತ್ತಿದೆ. ಅಂಗಳವೇ ಇಲ್ಲದ ಮನೆಗಳ ಹೊಸ್ತಿಲಿಗೆ ಅಂಟಿಸುವ ರಂಗೋಲಿ ಬಂದಿದೆ. ಅದು ಕೆಡುವುದಿಲ್ಲ, ಬದಲಾಗುವುದೂ ಇಲ್ಲ. ಪರೀಕ್ಷೆಯಲ್ಲಿ ನೋಟ್ಸಿನ ಮಾತನ್ನೇ ಬರೆಯದಿದ್ದರೆ ಅಂಕ ಹೋದೀತೆಂದು ಮಗು ಹೆದರುತ್ತದೆ. ದೂರವಾಣಿಯಲ್ಲಿ ಗಿರಾಕಿಗಳೊಡನೆ ಮಾತನಾಡುವ ಉದ್ಯೋಗಿಯ ಮುಂದೆ ಆಡಬೇಕಾದ ವಾಕ್ಯವೂ ಮೊದಲೇ ಬರೆದಿರುತ್ತದೆ. ಹೀಗೆ ಚುಕ್ಕಿಯ ಜೊತೆಗೆ ಎಳೆಯನ್ನೂ ನಾವೇ ಎಳೆದುಕೊಟ್ಟು, ಆಮೇಲೆ ಅದೇ ಜನರಿಗೆ ಸೃಜನಶೀಲತೆಯ ಬಗ್ಗೆ ಉಪನ್ಯಾಸ ಏರ್ಪಡಿಸುತ್ತೇವೆ.

ಹಾಗಾದರೆ ನಾವು ಮಾಡಬಹುದಾದದ್ದೇನು? ದೊಡ್ಡ ಏರ್ಪಾಡು ಬೇಕಿಲ್ಲ. ದಿನವೂ ಮಾಡುವ ಕೆಲಸದಲ್ಲಿ ಒಂದನ್ನು ಆರಿಸಿಕೊಂಡು, ಅದರ ನಿಯಮವನ್ನು ಉಳಿಸಿ, ಒಂದೇ ಒಂದು ಅಂಶವನ್ನು ಬದಲಿಸಿ ನೋಡಬಹುದು. ಅಡುಗೆಯವರು ಮನೆಯಲ್ಲಿರುವ ಮೂರೇ ತರಕಾರಿಗಳಿಂದ ಹೊಸದೊಂದು ಪಲ್ಯ ಮಾಡಬಹುದು. ಮೇಷ್ಟರು ಹಳೆಯ ಪಾಠವನ್ನು ಮಕ್ಕಳು ಕೇಳುವ ಪ್ರಶ್ನೆಯಿಂದ ಆರಂಭಿಸಬಹುದು. ಗುಮಾಸ್ತರು ಜನ ಪದೇ ಪದೇ ತಪ್ಪು ತುಂಬುವ ಅರ್ಜಿಯ ಒಂದು ಕಲಮನ್ನು ತಿಳಿಯಾಗಿ ಬರೆಯಬಹುದು. ಕೆಟ್ಟರೆ ಅಳಿಸಿ ಮತ್ತೆ ಹಾಕುವುದು. ಇನ್ನು ಕೆಲಸ ಹೇಳುವ ಸ್ಥಾನದಲ್ಲಿರುವವರು, ಅದು ಮನೆಯ ಹಿರಿಯರಿರಲಿ, ಶಾಲೆಯ ಮುಖ್ಯೋಪಾಧ್ಯಾಯರಿರಲಿ, ಕಾರ್ಖಾನೆಯ ಮೇಲ್ವಿಚಾರಕರಿರಲಿ, ಚುಕ್ಕಿ ಇಟ್ಟು ಸ್ವಲ್ಪ ಹಿಂದೆ ಸರಿದು ನಿಲ್ಲುವುದನ್ನು ಕಲಿಯಬೇಕು. ಕೆಲಸ ಚೆನ್ನಾದಾಗ ಮಾಡಿದವರ ಹೆಸರು ಹೇಳುವುದನ್ನೂ ಕಲಿಯಬೇಕು. ಗರತಿಯ ಹಾಡಿಗೆ, ಇಳಕಲ್ ಸೆರಗಿನ ತೇರಿಗೆ ನಾವು ಉಳಿಸಿಕೊಂಡ ಸಾಲ ಅದು.

ನಾಳೆ ಬೆಳಿಗ್ಗೆ ವಾಕಿಂಗಿಗೆ ಹೊರಟಾಗ ಬೀದಿಯ ಒಂದೆರಡು ಬಾಗಿಲುಗಳ ಮುಂದೆ ಈಗಷ್ಟೇ ಹಾಕಿದ ರಂಗೋಲಿ ಕಂಡೀತು. ತುಳಿಯದೆ ಪಕ್ಕಕ್ಕೆ ಸರಿದು ಹೋಗುವ ಮುನ್ನ ಒಂದು ಗಳಿಗೆ ನಿಂತು, ಎಳೆ ಎಲ್ಲಿಂದ ಹೊರಟು ಎಲ್ಲಿ ತಿರುಗಿದೆ ಎಂದು ನೋಡಿ. ಹಾಕಿದವರು ಅಲ್ಲೇ ಇದ್ದರೆ, ಚೆನ್ನಾಗಿದೆ ಎಂದು ಹೇಳಿ.